ಚಳಿಗಾಲದಲ್ಲಿ ಬಸ್ ನಿಂತರೆ

ಸಾರಿಗೆ ಮುಷ್ಕರ ಅಂದರೆ ಚಿಕ್ಕಮಗಳೂರು ಕಡೆ ಮೊದಲು ಸಿಕ್ಕಿಕೊಳ್ಳೋದು ಪಾಸ್ ನಂಬಿದ ವಿದ್ಯಾರ್ಥಿಗಳು. ಕೆಎಸ್ಆರ್‌ಟಿಸಿ ಪಾಸ್ ಖಾಸಗಿ ಬಸ್ಸಲ್ಲಿ ನಡೆಯಲ್ಲ, ಹುಡುಗಿಯರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ಟೂ ಇಲ್ಲ. ಹತ್ತು, ಇಪ್ಪತ್ತರ ನೋಟು ಜೇಬಲ್ಲಿರಲಿ. ಘಾಟಿಯಲ್ಲಿ ನೆಟ್‌ವರ್ಕ್ ನಂಬಿ ಫೋನ್‌ಪೇ ಮಾಡ್ತೀನಿ ಅಂತ ಜೀಪ್ ಹತ್ತಬೇಡಿ.

ಕಡೂರು ಕಡೆಯವರಿಗೆ ಚಿಕ್ಕಮಗಳೂರಿಗೆ ಬರೋಕೆ 2013ರಿಂದ ರೈಲಿದೆ, ಆದರೆ ದಿನಕ್ಕೆ ಕೆಲವೇ ಗಾಡಿ. ಕ್ಲಾಸಿನ ಹೊತ್ತಿಗೆ ಹೊಂದುತ್ತಾ ಅಂತ ಹಿಂದಿನ ರಾತ್ರಿಯೇ ನೋಡಿ. ಮೂಡಿಗೆರೆ, ಕೊಪ್ಪದವರಿಗೆ ಅದೂ ಇಲ್ಲ. ಮ್ಯಾಕ್ಸಿಕ್ಯಾಬ್ ತುಂಬದೆ ಹೊರಡಲ್ಲ, ಹಾಗಾಗಿ ನಾಲ್ಕೈದು ಜನ ಜೊತೆಗೇ ಹೋಗಿ ನಿಲ್ಲಿ.

ಬೈಕಲ್ಲಿ ಹೋಗೋರು ಮಂಜಲ್ಲಿ ಹೈ ಬೀಮ್ ಹಾಕಲೇಬೇಡಿ. ಬೆಳಕು ಮಂಜಿನ ಹನಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತೆ, ರಸ್ತೆ ಕಾಣಲ್ಲ. ಲೋ ಬೀಮ್ ಸಾಕು. ಹೆಲ್ಮೆಟ್ ಗಾಜಿನ ಒಳಗೆ ಉಸಿರಿನ ಆವಿ ಕೂರುತ್ತೆ, ಒಂದು ಬೆರಳಷ್ಟು ತೆರೆದಿಡಿ. ಸ್ವೆಟರ್ ಒಂದೇ ಗಾಳಿ ತಡೆಯಲ್ಲ. ಎದೆಗೆ ಹಳೇ ಪೇಪರಿನ ಮೂರ್ನಾಲ್ಕು ಪದರ ಇಟ್ಟು ಮೇಲೆ ಜರ್ಕಿನ್ ಹಾಕಿ.

ಮುಷ್ಕರ ಮಾಡೋರ ಮೇಲೆ ಮಾತ್ರ ಸಿಟ್ಟು ಬರಲ್ಲ. 2020ರ ಡಿಸೆಂಬರಿನ ಮುಷ್ಕರದಲ್ಲಿ ಸಾರಿಗೆ ನೌಕರರು ಕೇಳಿದ್ದು ತಮ್ಮನ್ನೂ ಸರ್ಕಾರಿ ನೌಕರರೆಂದು ಪರಿಗಣಿಸಿ ಅಂತ. ನಾವು ಏಳೋ ಮೊದಲೇ ಇದೇ ಚಳಿಯಲ್ಲಿ ಡಿಪೋ ತಲುಪಿರೋರು ಅವರು.

ಹಾಜರಿ ಚಿಂತೆ ಇದ್ದರೆ ಮುಷ್ಕರದ ದಿನಾಂಕ, ನಿಮ್ಮ ಊರು, ಪಾಸ್ ನಂಬರ್ ಬರೆದು ಪ್ರಿನ್ಸಿಪಾಲರಿಗೆ ಅದೇ ವಾರ ಅರ್ಜಿ ಕೊಡಿ. ಒಂದೂರಿನವರೆಲ್ಲ ಒಟ್ಟಿಗೆ ಸಹಿ ಹಾಕಿ. ಪ್ರಾಕ್ಟಿಕಲ್, ಇಂಟರ್ನಲ್ಸ್ ತಪ್ಪಿದ್ದರೆ ಅದನ್ನ ಬೇರೆಯಾಗೇ ಬರೆಯಿರಿ, ಅವಕ್ಕೆ ಮರುದಿನಾಂಕ ಕೇಳಬೇಕಾಗುತ್ತೆ.