ಲೈಪ್‌ಜಿಗ್ ಪೇಟೆಯ ನಡುವಿನ ಅಗ್ಗದ ಹೋಟೆಲು, ಅಪ್ಪ-ಅಮ್ಮನ ಜೊತೆ

ಊರಿಂದ ಅಪ್ಪ-ಅಮ್ಮ ಬರುತ್ತಾರೆ ಅಂದ ಕೂಡಲೇ ಇಲ್ಲಿ ಜರ್ಮನಿಯ ನಮ್ಮ ಬಳಗದಲ್ಲಿ ಹೋಟೆಲಿನ ಚರ್ಚೆ ಶುರುವಾಗುತ್ತದೆ. ದೊಡ್ಡ ಹೆಸರಿನ ಹೋಟೆಲು ಮಾಡಿ, ಊರಾಚೆಗಾದರೂ ಪರವಾಗಿಲ್ಲ, ಕೋಣೆ ವಿಶಾಲವಾಗಿರುತ್ತದೆ, ಕಾರು ನಿಲ್ಲಿಸಲು ಜಾಗ ಇರುತ್ತದೆ, ವಯಸ್ಸಾದವರಿಗೆ ಆರಾಮ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರಾ ವಿರುದ್ಧ. ಎಪ್ಪತ್ತು ದಾಟಿದವರಿಗೆ ಜರ್ಮನಿಯ ಒಂದು ಪಟ್ಟಣ ತೋರಿಸುವುದಾದರೆ ದುಡ್ಡನ್ನು ಕೋಣೆಗೆ ಹಾಕಬಾರದು, ಜಾಗಕ್ಕೆ ಹಾಕಬೇಕು. ಕೋಣೆ ಚಿಕ್ಕದಿರಲಿ, ಕಟ್ಟಡ ಹಳೆಯದಿರಲಿ, ಗೋಡೆಯ ಮೇಲೆ ಟೀವಿ ಇಲ್ಲದಿದ್ದರೂ ಇರಲಿ. ರೈಲು ಇಳಿದು ನಡೆದುಕೊಂಡು ಹೋಗುವಷ್ಟು ಹತ್ತಿರ, ಪೇಟೆಯ ನಟ್ಟನಡುವೆ ಇರಬೇಕು.

ವಯಸ್ಸಾದವರ ತಿರುಗಾಟ ಎರಡು ತುಂಡಿನದು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ನಿದ್ದೆ, ಸಂಜೆ ಇನ್ನೊಂದು ಸುತ್ತು. ಊರಾಚೆಯ ಹೋಟೆಲಿನಿಂದ ಹೊರಟರೆ ಆ ನಡುವಿನ ನಿದ್ದೆ ಇಲ್ಲ, ರಾತ್ರಿಯವರೆಗೆ ಬೆಂಚು ಹುಡುಕುತ್ತಾ ಕಳೆಯಬೇಕು. ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಇಲ್ಲಿನ ದೊಡ್ಡ ರೈಲು ನಿಲ್ದಾಣಗಳಲ್ಲಿ ಶೌಚಾಲಯಕ್ಕೆ ಒಂದು ಯೂರೋ ಹಾಕಬೇಕು. ಅಮ್ಮ ಅದನ್ನು ನೂರು ರೂಪಾಯಿ ಅಂತ ಲೆಕ್ಕ ಹಾಕುತ್ತಾಳೆ, ಆಮೇಲೆ ನೀರು ಕುಡಿಯುವುದನ್ನೇ ನಿಲ್ಲಿಸುತ್ತಾಳೆ. ಮಂಡಿನೋವು, ರಕ್ತದೊತ್ತಡದ ಮಾತ್ರೆ, ಮೇಲಿಂದ ನೀರೂ ಇಲ್ಲ ಅಂದರೆ ಆ ಪ್ರವಾಸ ಯಾರ ಸುಖಕ್ಕೆ? ಹತ್ತು ನಿಮಿಷ ನಡೆದರೆ ನಮ್ಮದೇ ಕೋಣೆ, ನಮ್ಮದೇ ಬಚ್ಚಲು ಇದೆ ಎಂಬ ಧೈರ್ಯ ಅವರಿಗೆ ಬೇರೆ ಎಲ್ಲಕ್ಕಿಂತ ದೊಡ್ಡದು.

ನಾನಿರುವುದು ದಕ್ಷಿಣ ಜರ್ಮನಿಯ ಎರ್ಲಾಂಗನ್‌ನಲ್ಲಿ. ಬರ್ಲಿನ್ ಮತ್ತು ಮ್ಯೂನಿಕ್ ನಡುವಿನ ವೇಗದ ರೈಲುಮಾರ್ಗ 2017ರ ಡಿಸೆಂಬರಿನಲ್ಲಿ ಪೂರ್ತಿಯಾದ ಮೇಲೆ ಲೈಪ್‌ಜಿಗ್ ನಮಗೆ ಎರಡು ಗಂಟೆ ಚಿಲ್ಲರೆಯ ಹಾದಿ. ಊರಿಂದ ಬರುವವರ ಪಟ್ಟಿಯಲ್ಲಿ ಇದರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅಪ್ಪ ಕೂಡ ಮೊದಲು ಕೇಳಿದ್ದು, “ಅಲ್ಲೇನಿದೆ?” ಅಂತ. ಸಾಗರದಲ್ಲಿ ಹೈಸ್ಕೂಲು ಮೇಷ್ಟರಾಗಿ ನಿವೃತ್ತರಾದವರು ಅವರು. ಸಂಸ್ಕೃತ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಓದಿದ ವಿಶ್ವವಿದ್ಯಾಲಯ ಅಲ್ಲಿದೆ, 1409ರಲ್ಲಿ ಶುರುವಾದದ್ದು ಅಂದೆ. ಮಾರನೆಯ ದಿನವೇ ಅವರ ಚೀಲ ಸಿದ್ಧವಾಗಿತ್ತು.

ಲೈಪ್‌ಜಿಗ್ ನಿಲ್ದಾಣವೇ ಒಂದು ನೋಡುವ ಜಾಗ. 1915ರಲ್ಲಿ ಮುಗಿದ ಕಟ್ಟಡ, ಮುಂಭಾಗವೇ 298 ಮೀಟರ್ ಅಗಲ. ಒಂದೇ ಥರದ ಎರಡು ಪ್ರವೇಶ ಮಂಟಪಗಳಿವೆ. ಆಗ ಪಶ್ಚಿಮದ ಅರ್ಧ ಪ್ರಷ್ಯಾದ ರೈಲ್ವೆಯದು, ಪೂರ್ವದ ಅರ್ಧ ಸ್ಯಾಕ್ಸನಿಯ ರೈಲ್ವೆಯದು, ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಬಾಗಿಲು. ಅಪ್ಪ ಎರಡರೊಳಗೂ ಹೋಗಿ ಬಂದರು. ಹೊರಗೆ ಬಂದು ಟ್ರಾಮ್ ಹಳಿ ದಾಟಿದರೆ ಹಳೆಯ ಪೇಟೆ ಶುರು. ಹಿಂದೆ ಕೋಟೆಗೋಡೆ ಇದ್ದ ಜಾಗದಲ್ಲಿ ಈಗ ವರ್ತುಲ ರಸ್ತೆ ಮತ್ತು ಗಿಡಮರಗಳ ಪಟ್ಟಿ ಇದೆ. ಅದರೊಳಗಿನ ಪೇಟೆ ಈ ತುದಿಯಿಂದ ಆ ತುದಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ. ನಮ್ಮ ಹೋಟೆಲು ನಿಲ್ದಾಣಕ್ಕೂ ನಿಕೊಲಾಯ್ ಚರ್ಚಿಗೂ ನಡುವಿನ ಒಂದು ಅಡ್ಡಬೀದಿಯಲ್ಲಿತ್ತು.

ನಿಲ್ದಾಣದ ಹತ್ತಿರದ ಅಗ್ಗದ ಹೋಟೆಲು ಅಂದರೆ ನಮ್ಮವರಿಗೆ ಮೆಜೆಸ್ಟಿಕ್ಕಿನ ಹಳೆಯ ಲಾಡ್ಜುಗಳು ನೆನಪಾಗುತ್ತವೆ, ಅಮ್ಮನಿಗೂ ಅದೇ ಅಳುಕು ಇತ್ತು. ಕೋಣೆಯ ಬಾಗಿಲು ತೆರೆದಾಗ ಅದು ಹೋಯಿತು. ಎರಡು ಮಂಚ ಜೋಡಿಸಿದ್ದರು. ಒಂದೊಂದರ ಮೇಲೆ ಒಂದೊಂದು ಬೇರೆ ಹೊದಿಕೆ, ಚೌಕಾಕಾರದ ದೊಡ್ಡ ದಿಂಬು. ಒಂದು ಮೇಜು, ಒಂದು ಕುರ್ಚಿ, ಕಿಟಕಿ, ಅಷ್ಟೇ. ಆದರೆ ಒಂದು ಕಲೆ ಇಲ್ಲ, ಒಂದು ಧೂಳಿನ ಗೆರೆ ಇಲ್ಲ. ಅಮ್ಮ ಬೆರಳಿನಿಂದ ಕಿಟಕಿಯ ಅಂಚು ಒರೆಸಿ ನೋಡಿ, “ನಮ್ಮನೆಗಿಂತ ಚೊಕ್ಕಟ ಇದೆ ಕಣೇ” ಅಂದಳು. ಇಬ್ಬರ ಕೋಣೆಗೆ ರಾತ್ರಿಗೆ ನೂರು ಯೂರೋ ಮುಟ್ಟಲಿಲ್ಲ. ರೂಪಾಯಿಗೆ ತಿರುಗಿಸಿದರೆ ಇದೂ ದೊಡ್ಡ ಮೊತ್ತವೇ, ಇಲ್ಲಿನ ಮಟ್ಟಿಗೆ ಪೇಟೆಯ ನಡುವೆ ಇದು ಕಡಿಮೆ ದರ.

ಊರಲ್ಲಾದರೆ ಒಂದು ಕೋಣೆ ಮಾಡಿ, ಇನ್ನೊಂದು ಹಾಸಿಗೆ ಕೇಳಿ, ಎಲ್ಲರೂ ಒಟ್ಟಿಗೆ ಮಲಗುತ್ತೇವೆ. ಇಲ್ಲಿ ಆ ಪದ್ಧತಿ ಇಲ್ಲ. ಕೋಣೆಗೆ ಎಷ್ಟು ಜನ ಅಂತ ಬುಕ್ ಮಾಡುವಾಗ ಬರೆದಿರುತ್ತದೋ ಅಷ್ಟೇ ಜನ. ನನಗೆ ಬೇರೆ ಒಂಟಿ ಕೋಣೆ ಮಾಡಿದ್ದೆ. ಅಮ್ಮನಿಗೆ ಅದು ದಂಡ ಅನ್ನಿಸಿತು, ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು.

ಸ್ವಾಗತದ ಮೇಜಿನಲ್ಲಿ ಒಂದು ನಮೂನೆ ತುಂಬಿಸಿಕೊಳ್ಳುತ್ತಾರೆ. 2025ರ ಜನವರಿಯಿಂದ ಜರ್ಮನ್ ಪ್ರಜೆಗಳಿಗೆ ಇದನ್ನು ತೆಗೆದುಹಾಕಿದ್ದಾರೆ, ಹೊರದೇಶದವರಿಗೆ ಇನ್ನೂ ಇದೆ. ಪಾಸ್‌ಪೋರ್ಟ್ ಕೈಯಲ್ಲೇ ಇಟ್ಟುಕೊಂಡಿರಿ, ಸೂಟ್‌ಕೇಸಿನ ತಳದಲ್ಲಿ ಬೇಡ. ಅಮ್ಮನ ಸಹಿ ಕನ್ನಡದಲ್ಲಿದೆ, ಬ್ಯಾಂಕಿನಿಂದ ಪಾಸ್‌ಪೋರ್ಟಿನವರೆಗೆ ಎಲ್ಲ ಕಡೆ ಅದೇ. ನಮೂನೆಯ ಕೆಳಗೂ ಹಾಗೇ ಹಾಕಿದಳು. ಮೇಜಿನ ಹಿಂದಿದ್ದ ಹೆಂಗಸು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ತುಂಬ ಚಂದ ಇದೆ ಅಂತ ಜರ್ಮನ್‌ನಲ್ಲಿ ಹೇಳಿದರು. ನಾನು ಕನ್ನಡಕ್ಕೆ ತಂದು ಹೇಳುವ ಮುಂಚೆಯೇ ಅಮ್ಮನಿಗೆ ಅರ್ಥವಾಗಿತ್ತು. ಅಂದಹಾಗೆ ಹಲವು ಜರ್ಮನ್ ನಗರಗಳು ಕೋಣೆ ಬಾಡಿಗೆಯ ಮೇಲೆ ಪ್ರವಾಸಿ ತೆರಿಗೆ ಹಾಕುತ್ತವೆ. ಬರ್ಲಿನ್‌ನಲ್ಲಿ 2025ರಿಂದ ಅದು ಶೇ 7.5. ಬುಕ್ ಮಾಡುವಾಗ ಕಂಡ ದರದಲ್ಲಿ ಅದು ಸೇರಿದೆಯೋ ಇಲ್ಲವೋ ನೋಡಿಕೊಳ್ಳಬೇಕು.

ಈಗ ಬಚ್ಚಲಿನ ವಿಷಯ. ಊರಿಂದ ಬರುವವರಿಗೆ ಮೊದಲ ದಿನವೇ ಕೂರಿಸಿಕೊಂಡು ಹೇಳಬೇಕಾದದ್ದು ಇದು. ಇಲ್ಲಿನ ಬಚ್ಚಲಿನ ನೆಲಕ್ಕೆ ನೀರು ಹೋಗುವ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಸ್ನಾನ ಆ ಗಾಜಿನ ಗೂಡಿನೊಳಗೇ ಆಗಬೇಕು, ಹೊರಗೆ ಚೆಲ್ಲಿದ ನೀರು ಅಲ್ಲೇ ನಿಲ್ಲುತ್ತದೆ. ಬಕೆಟ್ಟು, ಚೊಂಬು ಇರುವುದಿಲ್ಲ. ನಾನು ಮನೆಯಿಂದಲೇ ಒಂದು ಪ್ಲಾಸ್ಟಿಕ್ ಚೊಂಬು ಒಯ್ದಿದ್ದೆ, ಅದರಿಂದ ಇಬ್ಬರಿಗೂ ಎಷ್ಟು ನೆಮ್ಮದಿಯಾಯಿತು ಅಂದರೆ ಯಾವ ಸ್ಟಾರ್ ಹೋಟೆಲೂ ಅಷ್ಟು ಕೊಡಲಾರದು. ನಲ್ಲಿ ನೀರನ್ನು ನೇರವಾಗಿ ಕುಡಿಯಬಹುದು. ಅಪ್ಪ ಎರಡು ದಿನ ನಂಬಲಿಲ್ಲ.

ಇನ್ನೊಂದು ಎಚ್ಚರ ಬೆಳಗಿನ ಪೂಜೆಯದು. ಅಮ್ಮ ಎಲ್ಲಿಗೆ ಹೋದರೂ ಚಿಕ್ಕ ಗಣಪತಿ ಮತ್ತು ಊದುಬತ್ತಿ ಅವಳ ಚೀಲದಲ್ಲಿರುತ್ತವೆ. ಕೋಣೆಯ ಚಾವಣಿಯಲ್ಲಿ ಹೊಗೆ ಪತ್ತೆ ಹಚ್ಚುವ ಯಂತ್ರ ಇರುತ್ತದೆ. ಅದು ಕೂಗಿದರೆ ಇಡೀ ಹೋಟೆಲು ಬೀದಿಗೆ ಇಳಿಯಬೇಕು, ಅಗ್ನಿಶಾಮಕ ದಳ ಬಂದರೆ ಅದರ ಖರ್ಚೂ ನಮ್ಮ ತಲೆಗೇ ಬರಬಹುದು. ಮೊದಲೇ ವಿವರಿಸಿ ಹೇಳಿದ್ದೆ. ಅಮ್ಮ ಕಿಟಕಿಯ ಹತ್ತಿರ ಮೇಜಿನ ಮೇಲೆ ಗಣಪತಿ ಇಟ್ಟು, ಕೆಳಗಿನ ಅಂಗಡಿಯಿಂದ ಒಂದು ಹೂ ತರಿಸಿ, ದೀಪವಿಲ್ಲದೆ ಶ್ಲೋಕ ಹೇಳಿಕೊಂಡಳು. ಒಂದು ಚೂರೂ ಬೇಸರ ಮಾಡಿಕೊಳ್ಳಲಿಲ್ಲ. ಹೊಸ ಜಾಗಕ್ಕೆ ಹೊಂದಿಕೊಳ್ಳುವ ಶಕ್ತಿ ಈ ವಯಸ್ಸಿನವರಲ್ಲಿ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಇದೆ. ಕಾರಣ ಹೇಳದೆ ಬೇಡ ಅಂದರೆ ಮಾತ್ರ ಅವರಿಗೆ ನೋವಾಗುತ್ತದೆ.

ಪೇಟೆಯ ನಡುವೆ ಅಂದರೆ ಗದ್ದಲ ಇದ್ದೇ ಇದೆ. ಬುಕ್ ಮಾಡುವಾಗ ಹಿಂದಿನ ಅಂಗಳದ ಕಡೆಯ ಕೋಣೆ ಬೇಕು ಅಂತ ಒಂದು ಸಾಲು ಬರೆದರೆ ಸಾಕು, ಇದ್ದರೆ ಕೊಡುತ್ತಾರೆ. ಇಲ್ಲಿನ ಹಳೆಯ ಕಟ್ಟಡಗಳಿಗೆ ಬೀದಿಗೊಂದು ಮುಖ, ಒಳಗಿನ ಅಂಗಳಕ್ಕೊಂದು ಮುಖ. ಅಂಗಳದ ಕಡೆ ರಾತ್ರಿ ಟ್ರಾಮಿನ ಸದ್ದೂ ಕೇಳುವುದಿಲ್ಲ. ಲಿಫ್ಟ್ ಇದೆಯೋ ಇಲ್ಲವೋ ಅನ್ನುವುದನ್ನು ಮಾತ್ರ ಖಾತ್ರಿ ಮಾಡಿಕೊಳ್ಳಬೇಕು, ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಇಲ್ಲ. ಅಗ್ಗದ ಹೋಟೆಲುಗಳಲ್ಲಿ ಏಸಿ, ಫ್ಯಾನು ಎರಡೂ ಸಾಮಾನ್ಯವಾಗಿ ಇರುವುದಿಲ್ಲ. ಕಿಟಕಿಯ ಹಿಡಿಯನ್ನು ಮೇಲಕ್ಕೆ ತಿರುಗಿಸಿದರೆ ಕಿಟಕಿ ಮೇಲ್ಗಡೆಯಿಂದ ಒಳಗೆ ವಾಲುತ್ತದೆ, ಗಾಳಿಗೆ ಅದೇ ದಾರಿ. ಜೂನಿನಲ್ಲಿ ರಾತ್ರಿ ಒಂಬತ್ತು ದಾಟಿದರೂ ಸೂರ್ಯ ಇರುತ್ತಾನೆ. ಸಂಧ್ಯಾವಂದನೆ ಎಷ್ಟು ಹೊತ್ತಿಗೆ ಮಾಡಬೇಕು ಅಂತ ಅಪ್ಪ ನಿಜವಾಗಿಯೂ ಯೋಚನೆಗೆ ಬಿದ್ದರು.

ಬೆಳಗಿನ ತಿಂಡಿಯ ಕೋಣೆ ಕೆಳಗಿತ್ತು. ಈ ಬಗೆಯ ಹೋಟೆಲುಗಳಲ್ಲಿ ತಿಂಡಿ ಮಾತ್ರ ಸಿಗುತ್ತದೆ, ಊಟ ಇಲ್ಲ. ದುಂಡು ಬ್ರೆಡ್ಡು, ಬೆಣ್ಣೆ, ಜಾಮ್, ಚೀಸ್, ಮೊಸರು, ಹಣ್ಣು, ಥರ್ಮಾಸಿನಲ್ಲಿ ಕಾಫಿ. ಮಾಂಸದ ತಟ್ಟೆಗಳು ಬೇರೆ ಇದ್ದವು, ಯಾವುದು ಏನು ಅಂತ ಕೇಳಿದರೆ ತಾಳ್ಮೆಯಿಂದ ಹೇಳಿದರು. ಅಮ್ಮ ಊರಿಂದ ತಂದ ಚಟ್ನಿಪುಡಿ ತೆಗೆದು ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಉದುರಿಸಿಕೊಂಡಳು. ಬಡಿಸುತ್ತಿದ್ದ ಹೆಂಗಸು, ಅಮ್ಮನಿಗಿಂತ ಸ್ವಲ್ಪ ಚಿಕ್ಕವರಿರಬೇಕು, ತಾವೂ ಒಂದು ಚಿಟಿಕೆ ಕೇಳಿ ರುಚಿ ನೋಡಿದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಈ ಊರು ಕಮ್ಯುನಿಸ್ಟ್ ಪೂರ್ವ ಜರ್ಮನಿಗೆ ಸೇರಿದ್ದ ಕಾಲದ ಶಾಲೆಯಲ್ಲಿ ರಷ್ಯನ್ ಕಲಿತವರು.

ಅಪ್ಪ ನನ್ನ ಮೂಲಕ ಅವರನ್ನು ಕೇಳಿದರು: 1989ರಲ್ಲಿ ನೀವು ಎಲ್ಲಿದ್ದಿರಿ? ಅವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನಿಲ್ದಾಣದ ದಿಕ್ಕಿಗೆ ಬೆರಳು ತೋರಿಸಿ, “ಅಲ್ಲೇ, ಆ ರಸ್ತೆಯಲ್ಲಿ” ಅಂದರು. ನಿಕೊಲಾಯ್ ಚರ್ಚಿನಲ್ಲಿ 1980ರ ದಶಕದ ಆರಂಭದಿಂದ ಸೋಮವಾರಗಳಂದು ಶಾಂತಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. 1989ರ ಅಕ್ಟೋಬರ್ 9ರ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಸುಮಾರು 70,000 ಜನ ಕಮ್ಯುನಿಸ್ಟ್ ಸರ್ಕಾರದ ವಿರುದ್ಧ ಮೆರವಣಿಗೆ ಹೊರಟರು. ಸುತ್ತ ಶಸ್ತ್ರಧಾರಿ ಪಡೆಗಳಿದ್ದವು, ಆಸ್ಪತ್ರೆಗಳಲ್ಲಿ ಹೆಚ್ಚುವರಿ ರಕ್ತ ಕೂಡಿಟ್ಟಿದ್ದಾರೆ ಎಂಬ ಮಾತು ಊರೆಲ್ಲ ಹಬ್ಬಿತ್ತು. ಜನ ವರ್ತುಲ ರಸ್ತೆ ಹಿಡಿದು ನಿಲ್ದಾಣದ ಮುಂದೆ ಹಾದು ಗುಪ್ತಚರ ಪೊಲೀಸರ ಕಚೇರಿಯವರೆಗೂ ನಡೆದರು. ಒಂದು ಗುಂಡೂ ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ ಬರ್ಲಿನ್ ಗೋಡೆ ತೆರೆಯಿತು. “ಎಷ್ಟು ಹೆದರಿದ್ದೆ ಅಂದರೆ, ಯಾರ ಕೈ ಹಿಡಿದಿದ್ದೆ ಅಂತಲೂ ಗೊತ್ತಿಲ್ಲ” ಅಂದರು ಆಕೆ. ಆ ದಿನ ಅಪ್ಪ ಮ್ಯಾಕ್ಸ್ ಮುಲ್ಲರ್‌ನನ್ನು ಮರೆತರು. ತಿಂಡಿ ಮುಗಿಸಿ ನಾವು ಮೂವರೂ ಅದೇ ರಸ್ತೆಯಲ್ಲಿ ಅದೇ ದಿಕ್ಕಿಗೆ ನಡೆದೆವು. ಆ ಕಚೇರಿ ಈಗ ವಸ್ತುಸಂಗ್ರಹಾಲಯ, ಒಳಗೆ ಜನರ ಪತ್ರಗಳನ್ನು ಗುಟ್ಟಾಗಿ ತೆರೆದು ಓದಲು ಬಳಸಿದ ಯಂತ್ರಗಳಿವೆ. ಅಪ್ಪ ತುರ್ತುಪರಿಸ್ಥಿತಿಯ ಕಾಲದ ತಮ್ಮ ನೆನಪುಗಳನ್ನು ಹೇಳುತ್ತಾ ಹೋದರು, ಅವು ನಾನು ಅಲ್ಲಿಯವರೆಗೆ ಕೇಳಿರದ ಮಾತುಗಳು.

ಮಧ್ಯಾಹ್ನ ಹೋಟೆಲಿಗೆ ಬಂದು ಮಲಗಿದರು. ಸಂಜೆ ಮಳೆ. ಲೈಪ್‌ಜಿಗ್‌ನಲ್ಲಿ ಮಳೆಗೂ ಒಂದು ಉಪಾಯವಿದೆ, ಕಟ್ಟಡಗಳೊಳಗೇ ಒಂದು ಬೀದಿಯಿಂದ ಇನ್ನೊಂದಕ್ಕೆ ಹಾಯುವ ದಾರಿಗಳು. ಇದು ವ್ಯಾಪಾರದ ಊರು. ಇಲ್ಲಿನ ಸಂತೆಗೆ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ 1497ರಲ್ಲಿ ವಿಶೇಷ ಹಕ್ಕು ಕೊಟ್ಟಿದ್ದ. ಸರಕಿನ ಗಾಡಿಗಳು ಇಕ್ಕಟ್ಟಿನ ಬೀದಿಗಳಲ್ಲಿ ತಿರುಗಲಾಗದೆ ಈ ಬದಿಯಿಂದ ಅಂಗಳಕ್ಕೆ ನುಗ್ಗಿ, ಸರಕು ಇಳಿಸಿ, ಆ ಬದಿಯಿಂದ ಹೊರಬೀಳುತ್ತಿದ್ದವು. ಆ ಅಂಗಳಗಳ ಸುತ್ತ ಗೋದಾಮು, ಮೇಲೆ ವ್ಯಾಪಾರಿಗಳು ತಂಗುವ ಕೋಣೆಗಳು. ಬಾರ್ಟೆಲ್ಸ್ ಹೋಫ್ ಎಂಬ ಅಂಥದೊಂದು ಅಂಗಳ ಇಂದಿಗೂ ಉಳಿದಿದೆ. ದೂರದಿಂದ ಬಂದವರಿಗೆ ಪೇಟೆಯ ನಡುವೆ ಕಡಿಮೆ ದುಡ್ಡಿಗೆ ಮಲಗಲು ಜಾಗ ಕೊಡುವುದು ಈ ಊರಿಗೆ ಶತಮಾನಗಳ ರೂಢಿ. ಮೆಡ್ಲರ್ ಪಸಾಜ್ ಎಂಬ ಚಾವಣಿಯ ಬೀದಿಯಲ್ಲಿ ಗಯಟೆಯ ನಾಟಕದ ನಾಯಕ ಫೌಸ್ಟ್‌ನ ಕಂಚಿನ ವಿಗ್ರಹದ ಪಾದ ಸವರಿದರೆ ಅದೃಷ್ಟ ಅಂತ ಇಲ್ಲಿನ ನಂಬಿಕೆ, ಅಮ್ಮನೂ ಸವರಿದಳು.

ಭಾನುವಾರ ಜರ್ಮನಿಯಲ್ಲಿ ಅಂಗಡಿಗಳು ಬಾಗಿಲು ಹಾಕುತ್ತವೆ, ರೈಲು ನಿಲ್ದಾಣದೊಳಗಿನ ಬೇಕರಿ ಮತ್ತು ಕೆಲವು ಅಂಗಡಿಗಳು ಮಾತ್ರ ತೆರೆದಿರುತ್ತವೆ. ನಿಲ್ದಾಣದ ಪಕ್ಕದಲ್ಲಿ ಉಳಿದವರಿಗೆ ಹಾಲು, ಬಾಳೆಹಣ್ಣು, ಮೊಸರಿಗೆ ತೊಂದರೆ ಇಲ್ಲ.

ದಿನಗಳನ್ನು ಆರಿಸುವಾಗ ಒಂದು ಮಾತು. ಮಾರ್ಚ್‌ನಲ್ಲಿ ಪುಸ್ತಕ ಮೇಳ ನಡೆಯುತ್ತದೆ. ಮೇ ಅಥವಾ ಜೂನಿನಲ್ಲಿ ಬರುವ ಪೆಂಟೆಕೋಸ್ಟ್ ಹಬ್ಬದ ವಾರಾಂತ್ಯಕ್ಕೆ ಕಪ್ಪು ಬಟ್ಟೆಯ ಗಾತಿಕ್ ಸಂಗೀತಪ್ರಿಯರು ಊರು ತುಂಬುತ್ತಾರೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಮಾರುಕಟ್ಟೆ. ಆಗ ಇದೇ ಕೋಣೆಗಳ ದರ ಜೋರಾಗಿ ಏರುತ್ತದೆ. ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬದ ಸಮಯದಲ್ಲಂತೂ ಅಲ್ಲಿನ ನಿಲ್ದಾಣದ ಸುತ್ತಲಿನ ಸಾಧಾರಣ ಕೋಣೆಗಳೂ ಕೈಗೆ ಎಟಕುವುದಿಲ್ಲ. ನಾವು ಈ ಯಾವುದೂ ಇಲ್ಲದ ವಾರ ಹೋಗಿದ್ದೆವು.

ಹೊರಡುವ ದಿನವನ್ನು ಶನಿವಾರಕ್ಕೆ ಇಟ್ಟುಕೊಂಡಿದ್ದಕ್ಕೂ ಕಾರಣವಿದೆ. ಹನ್ನೊಂದಕ್ಕೆ ಕೋಣೆ ಬಿಡಬೇಕು, ಸೂಟ್‌ಕೇಸುಗಳನ್ನು ಮಾತ್ರ ಹೋಟೆಲಿನವರೇ ಸಂಜೆಯವರೆಗೆ ಇಟ್ಟುಕೊಂಡರು, ಅದಕ್ಕೆ ದುಡ್ಡು ಕೇಳಲಿಲ್ಲ. ಸಂಗೀತ ಸಂಯೋಜಕ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಸಂಗೀತದ ಹೊಣೆ ಹೊತ್ತಿದ್ದ ಥಾಮಸ್ ಚರ್ಚಿನಲ್ಲಿ ಶುಕ್ರವಾರ ಸಂಜೆ ಆರಕ್ಕೆ, ಶನಿವಾರ ಮಧ್ಯಾಹ್ನ ಮೂರಕ್ಕೆ ಗಾಯನ ಇರುತ್ತದೆ. ಶಾಲೆಯ ರಜೆ, ಪ್ರವಾಸ ಇಲ್ಲದಿದ್ದರೆ ಹಾಡುವವರು 1212ರಿಂದ ನಡೆದು ಬಂದಿರುವ ಅಲ್ಲಿನ ಹುಡುಗರ ಮೇಳದವರೇ. ಕೆಲವೇ ಯೂರೋ ಕೊಟ್ಟರೆ ಒಳಗೆ ಜಾಗ. ಮೊದಲೇ ಹೋಗಿ ಅಪ್ಪ-ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆ, ಬಾಖ್‌ನ ಸಮಾಧಿ ಅಲ್ಲಿಂದಲೇ ಕಾಣುತ್ತದೆ. ಅಮ್ಮ ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಮುಗಿದ ಮೇಲೆ ಅವಳ ಮಂಡಿಯ ವೇಗದಲ್ಲೇ ನಡೆದರೂ ಹೋಟೆಲು ತಲುಪಲು ಕಾಲು ಗಂಟೆ ಹಿಡಿಯಿತು. ಸಾಮಾನು ತೆಗೆದುಕೊಂಡೆವು, ಚಟ್ನಿಪುಡಿಯ ಉಳಿದ ಡಬ್ಬಿಯನ್ನು ತಿಂಡಿಯ ಕೋಣೆಯ ಆ ಹೆಂಗಸಿಗೆ ಕೊಡಿ ಅಂತ ಮೇಜಿನಲ್ಲಿ ಬಿಟ್ಟೆವು, ರಸ್ತೆ ದಾಟಿ ಸಂಜೆಯ ರೈಲು ಹತ್ತಿದೆವು.