ಒಂದು ಗಿಫ್ಟ್ ಕಳಿಸಿದರೆ 36 ಬರುತ್ತಂತೆ: ಕೊರಿಯರ್ ಕೌಂಟರ್‌ನಲ್ಲಿ ಕಂಡಿದ್ದು

ಕುಮಟೆಯಲ್ಲಿ ಕೊರಿಯರ್ ಬುಕಿಂಗ್ ನನ್ನ ಕೆಲಸ. ಇಲ್ಲಿ ಪಾರ್ಸಲ್‌ಗಿಂತ ಮೊದಲು ನೋಡುವುದು ವಿಳಾಸ. ಬೆಂಗಳೂರಿನ ಮಗಳಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸುವವರಿಗೆ ವಿಳಾಸ ಬಾಯಿಪಾಠ, ಜೊತೆಗೆ "ಡಬ್ಬಿ ಸೋರದ ಹಾಗೆ ನೋಡ್ಕಳಿ ಮಾರಾಯ್ರೇ" ಅಂತ ಎರಡು ಸಲ ಹೇಳಿ ಹೋಗುತ್ತಾರೆ. ಕೆಲವರು ಮಾತ್ರ ಮೊಬೈಲ್‌ನ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ, ಒಂದೊಂದೇ ಅಕ್ಷರ ಓದಿ ಬರೆಸುತ್ತಾರೆ. ಇವರು ನಿಮಗೆ ಏನಾಗಬೇಕು ಅಂತ ಕೇಳಿದರೆ ನಗು. "ಗೊತ್ತಿಲ್ಲ, ಪಟ್ಟಿಯಲ್ಲಿ ಮೊದಲ ಹೆಸರು ಇವರದ್ದು."

ಅಲ್ಲಿಗೆ ನಾನು ಪೆನ್ನು ಕೆಳಗಿಡುತ್ತೇನೆ.

ಡಿಸೆಂಬರ್‌ನಲ್ಲಿ ಪರಿಚಯದ ಅಕ್ಕೋರೊಬ್ಬರು, ಅಂದರೆ ಶಾಲೆಯ ಟೀಚರ್, ತೊಡದೇವು ಸಿಹಿತಿಂಡಿಯ ಪೆಟ್ಟಿಗೆ ಹಿಡಿದು ಹೀಗೇ ಬಂದರು. ಮೆಸೇಜ್ ತೋರಿಸಿದರು. ಪಟ್ಟಿಯಲ್ಲಿ ಎರಡು ಹೆಸರು. ಮೊದಲನೆಯವರಿಗೆ ಒಂದು ಗಿಫ್ಟ್ ಕಳಿಸಬೇಕು. ಆಮೇಲೆ ಆ ಹೆಸರು ತೆಗೆದು, ಎರಡನೆಯದನ್ನು ಮೇಲೆ ಏರಿಸಿ, ಕೆಳಗೆ ನಮ್ಮ ಹೆಸರು, ಮನೆ ವಿಳಾಸ, ಫೋನ್ ನಂಬರ್ ಹಾಕಿ 6 ಜನ ಗೆಳತಿಯರಿಗೆ ಕಳಿಸಬೇಕು. ಅವರೂ ಹಾಗೇ ಮಾಡಿದರೆ ನಮ್ಮ ಹೆಸರು ಮೇಲೇರಿ 36 ಗಿಫ್ಟ್ ಬರುತ್ತದೆ.

ಇದೇನು ಹೊಸದಲ್ಲ. 2015ರಲ್ಲಿ ಅಮೆರಿಕದವರ ಫೇಸ್‌ಬುಕ್‌ನಲ್ಲಿ 'ಸೀಕ್ರೆಟ್ ಸಿಸ್ಟರ್' ಹೆಸರಲ್ಲಿ, 10 ಡಾಲರ್ ಗಿಫ್ಟ್‌ಗೆ 36 ಗಿಫ್ಟ್ ಅಂತ ಹರಡಿದ್ದು ಇದೇ ಆಟ. ಇದು ಕಾನೂನಿಗೆ ವಿರುದ್ಧ ಅಂತ ಅಲ್ಲಿನ ಅಂಚೆ ಇಲಾಖೆಯ ತನಿಖಾ ವಿಭಾಗ ಎಚ್ಚರಿಸಿತ್ತು. ಗಿಫ್ಟ್ ಬದಲು ಪುಸ್ತಕ ಕಳಿಸಿ ಅಂತಲೂ ಇದೇ ಆಟ ಬರುತ್ತದೆ. ಓದುವವರು ಒಳ್ಳೆಯವರು, ಮೋಸ ಇರಲ್ಲ ಅಂತ ನಂಬಿಕೆ, ಪಾಪ.

ನಾನು ಭಾಷಣ ಮಾಡಲಿಲ್ಲ. ಹಾಳಾದ ಬುಕಿಂಗ್ ಫಾರ್ಮ್ ಒಂದರ ಹಿಂದೆ ಆರಾರಲೆ ಬರೆಯಿರಿ ಅಂದೆ. ಲೆಕ್ಕದ ಅಕ್ಕೋರು, ತಾವೇ ಬರೆಯುತ್ತಾ ಹೋದರು: 6, 36, 216, 1,296, 7,776, 46,656, 2,79,936. ಎಂಟನೇ ಸಾಲಿಗೆ 16,79,616. ಕಾರವಾರದಿಂದ ಭಟ್ಕಳದವರೆಗೆ, ಮೇಲೆ ಶಿರಸಿ, ಸಿದ್ದಾಪುರ, ಹಳಿಯಾಳ ಎಲ್ಲ ಸೇರಿ, ತೊಟ್ಟಿಲ ಕೂಸನ್ನೂ ಬಿಡದೆ ಎಣಿಸಿದರೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಇರುವುದು ಸುಮಾರು 14.37 ಲಕ್ಷ ಜನ.

ಇನ್ನೊಂದು ಇದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ನಮಗೆ ಗಿಫ್ಟ್ ಕಳಿಸಬೇಕಾದವರು ನಾವು ಸೇರಿಸಿದ 6 ಜನ ಅಲ್ಲ, ಅವರು ಸೇರಿಸುವ 36 ಜನ. ಹಾಗಾಗಿ ಆಟ ಎಲ್ಲೇ ನಿಲ್ಲಲಿ, ಕೊನೆಯ ಎರಡು ಸಾಲಿನವರಿಗೆ ಏನೂ ಸಿಗುವುದಿಲ್ಲ. ಪ್ರತಿ ಸಾಲೂ ಆರು ಪಟ್ಟು ಬೆಳೆಯುವುದರಿಂದ ಆ ಎರಡು ಸಾಲಲ್ಲೇ ನೂರಕ್ಕೆ 97 ಜನ ಇರುತ್ತಾರೆ. ಇದು ಎಲ್ಲರೂ ಸತ್ಯವಂತರಾಗಿ ಕಳಿಸಿದರೆ ಬರುವ ಲೆಕ್ಕ. ಅಕ್ಕೋರು ಸ್ವಲ್ಪ ಹೊತ್ತು ಫಾರ್ಮ್ ನೋಡಿ, "ಹಂಗಾರೆ ನಾ ಸೇರಿಸಿದವ್ರಿಗೆ ಎಂತ ಹೇಳೂದು?" ಅಂದರು.

ಆಫೀಸಿನಲ್ಲಿ ಹತ್ತು ಜನ ಚೀಟಿ ಎತ್ತಿ ಗಿಫ್ಟ್ ಹಂಚಿಕೊಂಡರೆ ತೊಂದರೆ ಇಲ್ಲ. ಹತ್ತು ಕೊಟ್ಟು ಹತ್ತು ತಗೊಂಡರು, ಅಲ್ಲಿಗೆ ಮುಗಿಯಿತು. ಕೊಟ್ಟಿದ್ದಕ್ಕಿಂತ ಜಾಸ್ತಿ ಬರುತ್ತದೆ, ಅದಕ್ಕೆ ಹೊಸಬರನ್ನು ಸೇರಿಸಬೇಕು ಅಂದರೆ ಮಾತ್ರ ಬೇರೆ ವಿಷಯ. ಗಿಫ್ಟ್ ಬದಲು ಯುಪಿಐನಲ್ಲಿ ದುಡ್ಡು ಹಾಕಿಸುವ ಆಟವಾದರೆ ಇನ್ನೂ ದೂರ ಇರಿ. ಹಣ ಸುತ್ತಾಡಿಸುವ ಇಂಥ ಯೋಜನೆಗಳನ್ನು ನಿಷೇಧಿಸಿ 1978ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಅದರ 3ನೇ ಕಲಮಿನಂತೆ ನಡೆಸುವುದಷ್ಟೇ ಅಲ್ಲ, ಸದಸ್ಯರಾಗಿ ಸೇರುವುದೂ ತಪ್ಪು. "ನಾನು ಸುಮ್ನೆ ಫಾರ್ವರ್ಡ್ ಮಾಡಿದ್ದು" ಅನ್ನುವ ಮಾತು ಪೊಲೀಸರ ಎದುರು ಎಷ್ಟು ದೂರ ಹೋಗುತ್ತದೆ ಹೇಳಿ?

ಅಕ್ಕೋರ ಪ್ರಶ್ನೆಗೆ ಬರುತ್ತೇನೆ. ಆರೂ ಜನರಿಗೆ ಅಲ್ಲೇ ನಿಂತು ಮೆಸೇಜ್ ಹಾಕಿಸಿದೆ: "ಇದು ಸರಿ ಇಲ್ಲ, ನಾನು ಬಿಟ್ಟೆ, ನೀವು ಏನೂ ಕಳಿಸಬೇಡಿ, ನನ್ನ ಹೆಸರಿರುವ ಪಟ್ಟಿ ಅಳಿಸಿ." ಮೂಲ ಪೋಸ್ಟ್ ಫೇಸ್‌ಬುಕ್‌ನಲ್ಲಿತ್ತು, ರಿಪೋರ್ಟ್ ಮಾಡಿದರು. ತಮಗೆ ಇದನ್ನು ಕಳಿಸಿದ ಗೆಳತಿಗೆ ಬೇಜಾರಾಗುತ್ತದೇನೋ ಅಂತ ಅವರಿಗೆ ಅಳುಕು. ಆ ಗೆಳತಿಯೂ ಯಾರದೋ ಮಾತಿಗೆ ಸಿಕ್ಕವರೇ ಅಲ್ವಾ, ಫೋನ್ ಮಾಡಿ ಮಾತಾಡಿ ಅಂದೆ.

ಆದರೆ ವಿಳಾಸ, ಫೋನ್ ನಂಬರ್ ಒಮ್ಮೆ ಹೊರಗೆ ಹೋದರೆ ವಾಪಸ್ ತರಲು ಆಗುವುದಿಲ್ಲ. "ನಿಮಗೆ ಗಿಫ್ಟ್ ಬಂದಿದೆ, ಕಸ್ಟಮ್ಸ್‌ನಲ್ಲಿ ನಿಂತಿದೆ, ದುಡ್ಡು ಕಟ್ಟಿ" ಅಂತ ಫೋನ್ ಬಂದರೆ ಕಟ್ ಮಾಡಿ ಅಂತಲೂ ಹೇಳಿದೆ. ಗಿಫ್ಟ್ ಕಾಯುತ್ತಾ ಕೂತವರು ಇಂಥ ಮಾತನ್ನು ಬೇಗ ನಂಬುತ್ತಾರೆ. ಈಗಾಗಲೇ ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ನಮ್ಮ ಕೌಂಟರ್‌ನ ಗಾಜಿಗೆ ಆ ನಂಬರ್ ದಪ್ಪಗೆ ಬರೆದು ಅಂಟಿಸಿದ್ದೇನೆ, ರೇಟ್ ಪಟ್ಟಿಯ ಪಕ್ಕದಲ್ಲೇ.