ಬರುವಾಗ ಪ, ಹೋಗುವಾಗ ಮ

ಸಂಚಿಕೆಗೆ ಹಳೆಯ ವಿದ್ಯಾರ್ಥಿಗಳ ಲೇಖನ ಬೇಕು ಅಂತ ಕಾಲೇಜಿನಿಂದ ಫೋನ್ ಬಂತು. "ನಮ್ಮ ಕಾಲೇಜು ಅಂದ ತಕ್ಷಣ ಏನು ನೆನಪಾಗುತ್ತೆ ಮೇಡಂ?" ಅಂತ ಕೇಳಿದರು. "ತಿಪಟೂರು ಕಡೆಯ ರೈಲ್ವೆ ಗೇಟು" ಅಂದೆ. ಆ ಹುಡುಗ ಒಂದು ಕ್ಷಣ ಸುಮ್ಮನಾದ. ಗೇಟು ಕಾಲೇಜಿನ ಕಾಂಪೌಂಡಿನೊಳಗೆ ಇರಲಿಲ್ಲ, ನಾಲ್ಕು ಕಿಲೋಮೀಟರ್ ಆಚೆ ಇತ್ತು. ಅವನಿಗೆ ಹೇಗೆ ಗೊತ್ತಾಗಬೇಕು, ಪಾಪ.

ನಾನು ಅರಸೀಕೆರೆಯಲ್ಲಿ ಪಿಯುಸಿ ಓದಿದ್ದು 1991ರಿಂದ 93ರವರೆಗೆ. ಸೈನ್ಸ್ ಸೆಕ್ಷನ್ನಿನಲ್ಲಿ ಹುಡುಗಿಯರು ಹನ್ನೊಂದೇ ಜನ. ನನ್ನ ಪಕ್ಕ ಕೂರುತ್ತಿದ್ದವಳ ಅಮ್ಮ ಮನೆಯಲ್ಲಿ ಸಂಗೀತ ಪಾಠ ಹೇಳಿಕೊಡುತ್ತಿದ್ದರು. ಇವಳಿಗೋ, ಕುಕ್ಕರ್ ಕೂಗಿದರೂ ಅದರ ಶ್ರುತಿ ಯಾವುದು ಅಂತ ನೋಡುವ ಚಟ. ನಮ್ಮ ಫಿಸಿಕ್ಸ್ ಸರ್ ಅವಳಿಗೆ ಸರಿಗಮ ಅಂತ ಹೆಸರಿಟ್ಟರು. ಈಗ ಅವಳು ಮಕ್ಕಳಿಗೆ ಲಿವರ್ ಕಸಿ ಮಾಡುವ ಸರ್ಜನ್. ನಿಜವಾದ ಹೆಸರು ಹಾಕಿದರೆ ಬೈಯುತ್ತಾಳೆ, ಹಾಗಾಗಿ ಇಲ್ಲೂ ಸರಿಗಮ ಅಂತಲೇ ಕರೆಯುತ್ತೇನೆ.

ಲ್ಯಾಬಿನಲ್ಲಿ ಇದ್ದದ್ದು ಒಂದೇ ಒಂದು ಸೋಡಿಯಂ ದೀಪ. ಸ್ವಿಚ್ ಹಾಕಿದರೆ ಮೊದಲು ಕೆಂಪಗೆ ಮಿಣುಕುತ್ತಿತ್ತು. ಅದು ಒಳಗಿರುವ ನಿಯಾನ್ ಅನಿಲದ ಬಣ್ಣ. ಆ ಬಿಸಿಗೆ ಸೋಡಿಯಂ ಆವಿಯಾಗುತ್ತಾ ಬಂದ ಹಾಗೆ ಮೆಲ್ಲಗೆ ಹಳದಿ ಏರುತ್ತಿತ್ತು. ಆಮೇಲೆ ಎಲ್ಲರ ಮುಖವೂ ಬೂದಿ ಬಳಿದ ಹಾಗೆ. ಸರಿಗಮಳ ಕೆಂಪು ಬಳೆ ಕೂಡ ಕಪ್ಪಗೆ ಕಾಣುತ್ತಿತ್ತು. "ಈ ಆವಿಗೆ ಗೊತ್ತಿರೋದು ಹೆಚ್ಚುಕಮ್ಮಿ ಒಂದೇ ಮಾತು, 589 ನ್ಯಾನೋಮೀಟರ್ ಅಲೆಯುದ್ದದ ಹಳದಿ" ಅನ್ನುತ್ತಿದ್ದರು ಸರ್. "ನಿಮ್ಮನೇಲಿ ಸಾರು ಉಕ್ಕಿ ಒಲೆಗೆ ಬಿದ್ದಾಗ ಉರಿ ಹಳದಿ ಆಗುತ್ತಲ್ಲ, ಅಲ್ಲೂ ಮಾತಾಡೋದು ಇದೇ ಸೋಡಿಯಂ." ಮನೆಗೆ ಹೋಗಿ ಒಲೆಗೆ ಉಪ್ಪು ಎರಚಿ ನೋಡಿ ಅಮ್ಮನ ಕೈಲಿ ಬೈಸಿಕೊಂಡೆ. ಆವಿಯ ಮೇಲೆ ನಾನು ಮಾಡಿದ ಮೊದಲ ಪ್ರಯೋಗ ಅದೇ ಇರಬೇಕು.

ಇನ್ನು ಗೇಟಿನ ಕಥೆ. ಡಾಪ್ಲರ್ ಪರಿಣಾಮದ (ಸದ್ದು ಮಾಡುವುದು ಹತ್ತಿರ ಬರುವಾಗ ಸ್ವರ ಏರಿ, ದೂರ ಹೋಗುವಾಗ ಇಳಿದು ಕೇಳುವುದು) ಪಾಠ ಬಂದಾಗ ಸರ್ ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಶನಿವಾರ ಮಧ್ಯಾಹ್ನ ನಮ್ಮನ್ನೆಲ್ಲ ನಡೆಸಿಕೊಂಡು ಗೇಟಿಗೆ ಹೊರಟರು. ಅವರು ಮಾತ್ರ ಸೈಕಲ್ ಮೇಲೆ. ದಾರಿಯಲ್ಲಿ 1845ರ ಹಾಲೆಂಡಿನ ಕಥೆ ಹೇಳಿದರು. ಡಾಪ್ಲರ್ 1842ರಲ್ಲಿ ಬರೆದದ್ದು ನಿಜವೋ ಸುಳ್ಳೋ ನೋಡೋಣ ಅಂತ ಬೌಸ್ ಬಾಲಟ್ ಅನ್ನುವ ವಿಜ್ಞಾನಿ ರೈಲಿನ ಮೇಲೆ ತುತ್ತೂರಿ ಊದುವವರನ್ನು ಹತ್ತಿಸಿದರಂತೆ. ಸ್ವರ ಗುರುತಿಸುವವರನ್ನು ಹಳಿಯ ಪಕ್ಕ ನಿಲ್ಲಿಸಿದರಂತೆ. "ನಮ್ಮ ಹತ್ತಿರ ತುತ್ತೂರಿ ಇಲ್ಲ. ಸರಿಗಮ ಇದ್ದಾಳೆ" ಅಂದರು ಸರ್.

ಗೇಟು ಹಾಕಿತ್ತು. ತೆಂಗಿನ ತೋಟದ ಅಂಚಿನಲ್ಲಿ ಸಾಲಾಗಿ ನಿಂತೆವು. ಗಾಡಿ ದೂರದಿಂದ ಹಾರ್ನ್ ಹೊಡೆಯುತ್ತಾ ಬಂತು. ನಮ್ಮ ಗುಂಪು ನೋಡಿ ಡ್ರೈವರ್‌ಗೆ ಗಾಬರಿಯಾಗಿರಬೇಕು, ನಮ್ಮನ್ನು ದಾಟುವವರೆಗೂ ಬಿಡಲಿಲ್ಲ. ದಾಟಿದ್ದೇ ತಡ ಸ್ವರ ಧೊಪ್ಪನೆ ಇಳಿಯಿತು. ಉಳಿದವರು ಕಿವಿ ಮುಚ್ಚಿಕೊಂಡಿದ್ದೆವು. ಸರಿಗಮ ಕಣ್ಣು ಮುಚ್ಚಿಕೊಂಡಿದ್ದಳು. "ಬರುವಾಗ ಪ ಅಂತ ಹಿಡಿದರೆ, ಹೋಗುವಾಗ ಮ ಸರ್. ಶುದ್ಧ ಮಧ್ಯಮ" ಅಂದಳು.

ಸರ್ ಮಣ್ಣಿನ ಮೇಲೆ ಕಡ್ಡಿಯಲ್ಲಿ ಬರೆದರು. ಪ ಮತ್ತು ಮ ನಡುವಿನ ಅನುಪಾತ 9ಕ್ಕೆ 8. ಶಬ್ದದ ವೇಗಕ್ಕೆ ರೈಲಿನ ವೇಗ ಕೂಡಿಸಿದ್ದನ್ನು, ಕಳೆದದ್ದರಿಂದ ಭಾಗಿಸಿದರೆ ಅದೇ ಬರಬೇಕು. ಹಾಗಾದರೆ ರೈಲಿನ ವೇಗ ಶಬ್ದದ ವೇಗದ ಹದಿನೇಳನೇ ಒಂದು ಭಾಗ. 340ನ್ನು 17ರಿಂದ ಭಾಗಿಸಿ: ಸೆಕೆಂಡಿಗೆ 20 ಮೀಟರ್. ಗಂಟೆಗೆ 72 ಕಿಲೋಮೀಟರ್. ಗೇಟಿನವನು ಬೀಡಿ ಹಚ್ಚುತ್ತಾ ಬಗ್ಗಿ ನೋಡಿದ. "ಸರಿಯಾಗೈತೆ ಸಾ, ಇಲ್ಲಿ ಎಪ್ಪತ್ತರ ಮೇಲೇ ಹೋಗೋದು" ಅಂದ. ನಮಗೆ ಎಂತಹ ಖುಷಿ ಅಂದರೆ, ವಾಪಸು ನಾಲ್ಕು ಕಿಲೋಮೀಟರ್ ನಡೆದದ್ದೇ ಗೊತ್ತಾಗಲಿಲ್ಲ.

ಆಮೇಲೆ ದಾರಿ ಬೇರೆಯಾಯಿತು. ಅವಳು ಎಂಬಿಬಿಎಸ್‌ಗೆ ಹೋದಳು. ನಾನು ಬಿಎಸ್‌ಸಿ, ಎಂಎಸ್‌ಸಿ ಮುಗಿಸಿ 1998ರಲ್ಲಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪಿಎಚ್‌ಡಿಗೆ ಸೇರಿದೆ. ಕೆಲಸ ರುಬಿಡಿಯಂ ಆವಿಯ ಮೇಲೆ. ಬೆರಳುದ್ದದ ಗಾಜಿನ ಕೊಳವೆ. ಮೂಲೆಯಲ್ಲಿ ಪಾದರಸದಂಥ ಒಂದು ಹನಿ. ರುಬಿಡಿಯಂ 39 ಡಿಗ್ರಿಗೇ ಕರಗುವ ಲೋಹ, ಜ್ವರ ಬಂದವರ ಅಂಗೈ ಬಿಸಿ ಸಾಕು. (ಮುಟ್ಟಿ ನೋಡಲು ಹೋಗಬೇಡಿ, ನೀರು ಕಂಡರೆ ಹೊತ್ತಿಕೊಳ್ಳುತ್ತದೆ.) ಕೋಣೆಯ ಬಿಸಿಯಲ್ಲೇ ಕೊಳವೆಯ ತುಂಬ ಆವಿ ಇರುತ್ತದೆ, ಆದರೆ ಕಣ್ಣಿಗೆ ಬರೀ ಖಾಲಿ ಗಾಜು. ಲೇಸರನ್ನು ಸರಿಯಾಗಿ 780 ನ್ಯಾನೋಮೀಟರಿಗೆ ತಂದ ಕ್ಷಣ, ಕ್ಯಾಮೆರಾದಲ್ಲಿ ನೋಡಿದರೆ ಕೊಳವೆಯ ಉದ್ದಕ್ಕೂ ಊದಿನಕಡ್ಡಿಯಷ್ಟು ತೆಳ್ಳಗೆ ಒಂದು ಗೆರೆ ಹೊಳೆಯುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಅಲ್ಲಿ ಡಾಪ್ಲರ್ ನನಗೆ ಶತ್ರುವಾಗಿ ಎದುರಾಯಿತು. ಆವಿಯ ಪರಮಾಣುಗಳು ಸೆಕೆಂಡಿಗೆ ಸುಮಾರು 300 ಮೀಟರ್ ವೇಗದಲ್ಲಿ ದಿಕ್ಕಾಪಾಲಾಗಿ ಓಡುತ್ತಿರುತ್ತವೆ. ಬೆಳಕಿಗೂ ರೈಲಿನ ಸದ್ದಿನದೇ ಕಥೆ: ಎದುರಿಗೆ ಬರುವ ಪರಮಾಣುವಿಗೆ ಲೇಸರಿನ ಸ್ವರ ಪ, ದೂರ ಹೋಗುವುದಕ್ಕೆ ಮ. ಹಾಗಾಗಿ ಪರಮಾಣು ಯಾವ ಸ್ವರದ ಬೆಳಕು ನುಂಗುತ್ತದೆ ಅಂತ ಗ್ರಾಫಿನಲ್ಲಿ ತೋರಿಸುವ, 6 ಮೆಗಾಹರ್ಟ್ಸ್ ಅಗಲ ಇರಬೇಕಾದ ಗೆರೆ 500 ಮೆಗಾಹರ್ಟ್ಸ್‌ಗೆ ಹರಡಿ ಹೋಗುತ್ತದೆ. ಪಕ್ಕಪಕ್ಕದ ಗೆರೆಗಳೆಲ್ಲ ಮುದ್ದೆ.

ಇದಕ್ಕೊಂದು ಉಪಾಯ ಇದೆ. ರಥಬೀದಿಯ ಎರಡೂ ತುದಿಯಲ್ಲಿ ಒಬ್ಬೊಬ್ಬ ನಾಗಸ್ವರದವರು ಒಂದೇ ಸ್ವರ ಊದುತ್ತಿದ್ದಾರೆ ಅಂದುಕೊಳ್ಳಿ. ಬೀದಿಯಲ್ಲಿ ಓಡುವವನಿಗೆ ಎರಡೂ ಬೇರೆ ಬೇರೆ ಕೇಳುತ್ತವೆ. ಸುಮ್ನೆ ನಿಂತವನಿಗೆ ಮಾತ್ರ ಎರಡೂ ಒಂದೇ. ನಾವು ಮಾಡುವುದೂ ಅಷ್ಟೇ. ಒಂದೇ ಲೇಸರನ್ನು ಎರಡಾಗಿ ಸೀಳಿ ಎದುರುಬದುರು ಬಿಡುತ್ತೇವೆ. ಜೋರಾದ ಕಿರಣ ಹೋಗಿ ಪರಮಾಣುಗಳ ಬಾಯಿ ತುಂಬಿಸುತ್ತದೆ. ಆ ಕಡೆಯಿಂದ ಬರುವ ಮೆಲುವಾದ ಕಿರಣವನ್ನು ನುಂಗಲು ಅವಕ್ಕೆ ಆಗಲ್ಲ. ಎರಡು ಕಿರಣಕ್ಕೂ ಒಟ್ಟಿಗೆ ಸಿಗುವುದು ನಿಂತ ಪರಮಾಣು ಮಾತ್ರ. ಹಾಗಾಗಿ ಮುದ್ದೆಯ ನಡುವೆ ಸಣ್ಣ ಸಣ್ಣ ಚೂಪು ಗೆರೆಗಳು ಏಳುತ್ತವೆ.

ನನಗೆ ಮೊದಲ ಸಲ ಬಂದಾಗ ಮೂರು ಗೆರೆ ಇರಬೇಕಾದಲ್ಲಿ ಆರು ಬಂದಿದ್ದವು. ಹೊಸದೇನೋ ಕಂಡುಹಿಡಿದೆ ಅಂತ ರಾತ್ರಿಯೆಲ್ಲ ನಿದ್ದೆ ಇಲ್ಲ. ಬೆಳಿಗ್ಗೆ ಸೀನಿಯರ್ ನೋಡಿ ನಕ್ಕರು. ಓಡುತ್ತಿರುವ ಪರಮಾಣುವೊಂದು ಒಂದು ಕಿರಣವನ್ನು ಒಂದು ಗೆರೆ ಅಂತಲೂ, ಇನ್ನೊಂದು ಕಿರಣವನ್ನು ಪಕ್ಕದ ಗೆರೆ ಅಂತಲೂ ತಿಳಿದರೆ, ಎರಡರ ಮಧ್ಯೆ ಒಂದು ಸುಳ್ಳು ಗೆರೆ ಹುಟ್ಟುತ್ತದಂತೆ. ತಮಾಷೆ ಅಂದರೆ ಸುಳ್ಳು ಗೆರೆಗಳೇ ನಿಜದ್ದಕ್ಕಿಂತ ಜೋರಾಗಿ ಕಾಣುತ್ತವೆ.

ಅದೇ ವರ್ಷ ನವೆಂಬರಿನಲ್ಲಿ ಸರಿಗಮ ನನ್ನ ಹಾಸ್ಟೆಲಿಗೆ ಪೇಪರ್ ಹಿಡಿದುಕೊಂಡು ಬಂದಳು. ಆಗ ಅವಳು ಹೌಸ್ ಸರ್ಜನ್. ದೆಹಲಿಯಲ್ಲಿ ಕಾಂಚೀಪುರಂನ ಒಂದು ಪುಟ್ಟ ಮಗುವಿಗೆ ಅಪ್ಪನ ಲಿವರಿನ ತುಂಡು ಹಾಕಿದ್ದರು. ಭಾರತದಲ್ಲಿ ಮಗುವಿಗೆ ಮಾಡಿದ ಲಿವರ್ ಕಸಿ ಗೆದ್ದದ್ದು ಅದೇ ಮೊದಲು. (ಆ ಮಗು ಬೆಳೆದು ತಾನೇ ಡಾಕ್ಟರ್ ಆಯಿತು.) "ನಾನು ಇದನ್ನೇ ಮಾಡೋದು ಕಣೇ" ಅಂದಳು. ಎರಡು ಮಸಾಲೆದೋಸೆ ತಿಂದಳು, ಬಿಲ್ಲು ನನ್ನ ಕೈಲಿ ಕೊಡಿಸಿದಳು. ನಾಲ್ಕೇ ತಿಂಗಳಲ್ಲಿ ನಾನೂ ಒಂದು ಪೇಪರ್ ಹಿಡಿದು ಅವಳ ಹಾಸ್ಟೆಲಿಗೆ ಹೋದೆ. 1999ರಲ್ಲಿ ಅಮೆರಿಕದಲ್ಲಿ ಲೆನೆ ಹೌ ಅವರ ತಂಡ, ವಿಪರೀತ ತಣ್ಣಗಾಗಿಸಿದ ಸೋಡಿಯಂ ಪರಮಾಣುಗಳ ಮೋಡದೊಳಗೆ ಬೆಳಕನ್ನು ಸೆಕೆಂಡಿಗೆ 17 ಮೀಟರಿಗೆ ಇಳಿಸಿತ್ತು. ಅದೇ ಸೋಡಿಯಂ, ಅದೇ ಹಳದಿ. "ಅಂದ್ರೆ ನಮ್ಮ ಗೇಟಿನ ರೈಲು ಬೆಳಕನ್ನ ಓವರ್‌ಟೇಕ್ ಮಾಡುತ್ತಾ?" ಅಂದಳು. ಆ ಮೋಡದೊಳಗೆ ಹಳಿ ಹಾಕಿದರೆ ಹೌದು ಅಂದೆ.

ಅವಳು ಎಂಎಸ್ ಮುಗಿಸಿ, ಮಕ್ಕಳ ಸರ್ಜರಿ ಕಲಿತು, ಹೊರದೇಶಕ್ಕೂ ಹೋಗಿ ಬಂದಳು. ಆ ವರ್ಷಗಳಲ್ಲಿ ಕಾಗದ ಕಮ್ಮಿ, ಫೋನ್ ಇನ್ನೂ ಕಮ್ಮಿ. ಅವಳ ಕೆಲಸ ಏನು ಅಂತ ನನಗೆ ಸರಿಯಾಗಿ ಗೊತ್ತಾದದ್ದು ವಾಪಸು ಬಂದ ಮೇಲೆಯೇ.

ಅವಳ ಹತ್ತಿರ ಬರುವ ಮಕ್ಕಳಲ್ಲಿ ಜಾಸ್ತಿ ಜನಕ್ಕೆ ಹುಟ್ಟಿದ ಕೆಲವು ವಾರದಲ್ಲೇ ಪಿತ್ತನಾಳ ಮುಚ್ಚಿಹೋಗಿರುತ್ತದೆ. ಬಿಲಿಯರಿ ಅಟ್ರೀಸಿಯಾ ಅನ್ನುತ್ತಾರೆ. ಪಿತ್ತರಸ ಕರುಳಿಗೆ ಇಳಿಯದೆ ಲಿವರಿನಲ್ಲೇ ಕಟ್ಟಿಕೊಂಡು ಅದನ್ನು ಕೆಡಿಸುತ್ತದೆ. ಎರಡು ತಿಂಗಳೊಳಗೆ ಸಿಕ್ಕರೆ ಕರುಳನ್ನೇ ತಂದು ಲಿವರಿಗೆ ಜೋಡಿಸುವ ಆಪರೇಷನ್ ಇದೆ. 1950ರ ದಶಕದಲ್ಲಿ ಜಪಾನಿನ ಡಾಕ್ಟರ್ ಮೋರಿಯೊ ಕಸಾಯಿ ಶುರು ಮಾಡಿದ್ದು. "ಕಸಾಯಿ ಆಪರೇಷನ್ ಅಂದ ತಕ್ಷಣ ಅಜ್ಜಿಯರು ಮಗು ಎತ್ತಿಕೊಂಡು ಎದ್ದೇಬಿಡ್ತಾರೆ. ಅದು ಜಪಾನಿನವರ ಹೆಸರು ಅಜ್ಜಿ ಅಂತ ಸಮಾಧಾನ ಮಾಡೋದೇ ಒಂದು ಕೆಲಸ" ಅನ್ನುತ್ತಾಳೆ. ಅದು ತಡವಾದರೆ, ಅಥವಾ ಮಾಡಿದರೂ ಕೈಕೊಟ್ಟರೆ, ಕಸಿಯೇ ದಾರಿ.

ಲಿವರ್ ಕಸಿಯ ಚರಿತ್ರೆ ಶುರುವಾದದ್ದೇ ಇಂಥ ಒಂದು ಮಗುವಿನಿಂದ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮೂರು ವರ್ಷದ ಮಗುವಿಗೆ ಮಾಡಲು ಹೋದರು. ರಕ್ತ ನಿಲ್ಲದೆ ಮಗು ಟೇಬಲ್ ಮೇಲೇ ತೀರಿಕೊಂಡಿತು. ಅವರ ಕೈಯಲ್ಲಿ ಮೊದಲು ಗೆದ್ದದ್ದು 1967ರಲ್ಲಿ, ಅದೂ ಪುಟ್ಟ ಮಗುವಿನಲ್ಲೇ. ಬದುಕಿರುವವರ ಲಿವರಿನ ತುಂಡು ಕೊಡಬಹುದು ಅನ್ನುವುದು ಇನ್ನೂ ತಡವಾಗಿ ಬಂದದ್ದು. 1989ರಲ್ಲಿ ಬ್ರಿಸ್ಬೇನ್‌ನಲ್ಲಿ ಒಬ್ಬ ತಾಯಿಯ ಲಿವರಿನ ತುಂಡು ಮಗನಲ್ಲಿ ಹಿಡಿಯಿತು. ಎಡಗಡೆಯ ಅಂಚು, ಕಾಲು ಕಿಲೋಗೆ ಸ್ವಲ್ಪ ಆಚೀಚೆ. ಅಮ್ಮನಿಗೆ ಉಳಿದದ್ದು ಮತ್ತೆ ಬೆಳೆದುಕೊಳ್ಳುತ್ತದೆ, ಮಗುವಿನದು ಮಗುವಿನ ಜೊತೆ ಬೆಳೆಯುತ್ತದೆ. ದೇಹ ಅದನ್ನು ತಳ್ಳಿಬಿಡದ ಹಾಗೆ ಮಾತ್ರೆ ಮಾತ್ರ ಬಿಡುವಂತಿಲ್ಲ.

ಒಮ್ಮೆ ಅವಳನ್ನು ಊಟಕ್ಕೆ ಕರೆದೊಯ್ಯಲು ಆಸ್ಪತ್ರೆಗೆ ಹೋಗಿದ್ದೆ. ಐಸಿಯು ಬಾಗಿಲಲ್ಲಿ ಗೌನು, ಟೋಪಿ ಹಾಕಿಸಿ ಒಳಗೆ ಕರೆದಳು. ಏಳು ಕಿಲೋದ ಮಗು. ಮೈ ತುಂಬ ವೈರು. ಅವಳು ಹೊಟ್ಟೆಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟಳು. ಸ್ಪೀಕರಿನಿಂದ ಗಾಳಿ ಬೀಸುವ ಹಾಗೆ ಎಡೆಬಿಡದ ಒಂದು ಸದ್ದು. "ಇದು ಪೋರ್ಟಲ್ ವೇನ್, ಕರುಳಿನಿಂದ ಲಿವರಿಗೆ ರಕ್ತ ತರೋ ನಾಳ. ತಂಬೂರಿ." ಪ್ರೋಬನ್ನು ಕೂದಲೆಳೆಯಷ್ಟು ಓರೆ ಮಾಡಿದಳು. ಷೂ, ಷೂ, ಷೂ. "ಇದು ಆರ್ಟರಿ. ತಾಳ." ಆ ಆರ್ಟರಿ ಎರಡು ಮಿಲಿಮೀಟರ್ ದಪ್ಪ. ಅದನ್ನು ಮೈಕ್ರೋಸ್ಕೋಪಿನಡಿ ಕೂದಲಿಗಿಂತ ಸಣ್ಣ ದಾರದಲ್ಲಿ ಹೊಲಿದವಳು ಅವಳೇ. ಮೊದಲ ಕೆಲವು ದಿನ ಅದರೊಳಗೆ ರಕ್ತ ಹೆಪ್ಪುಗಟ್ಟುವುದೇ ದೊಡ್ಡ ಭಯ, ಅದಕ್ಕೇ ದಿನವೂ ಕೇಳಬೇಕು. ಒಂದು ರಾತ್ರಿ ಎರಡು ಗಂಟೆಗೆ ಇನ್ನೊಂದು ಮಗುವಿನಲ್ಲಿ ತಂಬೂರಿ ಇತ್ತು, ತಾಳ ಇರಲಿಲ್ಲವಂತೆ. ಹಾಗೇ ಆಪರೇಷನ್ ಥಿಯೇಟರಿಗೆ ಓಡಿದರು. ಆ ಮಗು ಉಳಿಯಿತು. ಎಲ್ಲ ಸಲವೂ ಉಳಿಯಲ್ಲ ಅಂದಳು, ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಅಲ್ಲೇ ಲೆಕ್ಕ ಹಾಕಿದೆ. ಪ್ರೋಬ್ ಬಿಡುವುದು 5 ಮೆಗಾಹರ್ಟ್ಸ್ ಶಬ್ದ, ಅದು ತಗುಲಿ ವಾಪಸು ಬರುವುದು ಸೆಕೆಂಡಿಗೆ ಅರ್ಧ ಮೀಟರ್ ಓಡುವ ರಕ್ತದಿಂದ. ಹೋದ ಸ್ವರಕ್ಕೂ ವಾಪಸು ಬಂದ ಸ್ವರಕ್ಕೂ ವ್ಯತ್ಯಾಸ ಸುಮಾರು 3 ಕಿಲೋಹರ್ಟ್ಸ್. ಸರಿಯಾಗಿ ನಮ್ಮ ಕಿವಿಗೆ ಬೀಳುವಷ್ಟು. "ನಾನು ಇಪ್ಪತ್ತು ವರ್ಷದಿಂದ ಡಾಪ್ಲರ್ ತೊಲಗಿಸೋಕೆ ಒದ್ದಾಡ್ತಿದ್ದೀನಿ, ನೀನು ಅದನ್ನೇ ಕಾದು ಕೂತಿದ್ದೀಯ" ಅಂದೆ. ಪೂರ್ತಿ ನಿಜವೇನಲ್ಲ. ಡಾಪ್ಲರನ್ನೇ ಬಳಸಿ ಲೇಸರಿನಿಂದ ಪರಮಾಣುಗಳ ಓಟ ತಗ್ಗಿಸುವುದೂ ಉಂಟು, 1997ರ ನೊಬೆಲ್ ಅದಕ್ಕೇ ಬಂತು. 300 ಮೀಟರ್ ಓಡುತ್ತಿದ್ದದ್ದು ಸೆಕೆಂಡಿಗೆ 20 ಸೆಂಟಿಮೀಟರಿಗೆ ಬರುತ್ತದೆ. ಮಗು ಅಂಬೆಗಾಲಿಡುವ ವೇಗ. ಸರಿಗಮ ಕೇಳಿ, "ನಿನ್ನ ಪರಮಾಣು ಕೈತಪ್ಪಿ ಹೋದ್ರೆ ಅದರ ಅಮ್ಮ ಹೊರಗೆ ಕಾಯ್ತಾ ಕೂತಿರಲ್ಲ ಬಿಡು" ಅಂದಳು.

ಈ ಲೇಖನದ ವಿಷಯ ಹೇಳಿದಾಗ ಅವಳು ಒಂದು ಮಾತು ಹಾಕಲೇಬೇಕು ಅಂದಳು. ಹಾಕುತ್ತಿದ್ದೇನೆ. ಹುಟ್ಟಿದ ಮಗುವಿಗೆ ಎರಡು ವಾರವಾದರೂ ಕಾಮಾಲೆ ಹೋಗದಿದ್ದರೆ, ಮಲ ಸುಣ್ಣದ ಹಾಗೆ ಬಿಳಿಚಿಕೊಂಡಿದ್ದರೆ, ಉಚ್ಚೆ ಬಟ್ಟೆಗೆ ಹಳದಿ ಕಲೆ ಮಾಡುತ್ತಿದ್ದರೆ, ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ. ಎಳೆಬಿಸಿಲಿಗೆ ಹಿಡಿದರೆ ಹೋಗುತ್ತೆ, ನೆಲನೆಲ್ಲಿ ರಸ ಕುಡಿಸಿದರೆ ಹೋಗುತ್ತೆ ಅಂತ ಕಾಯುತ್ತಾ ಆ ಎರಡು ತಿಂಗಳು ಕಳೆದುಕೊಂಡವರೇ ಅವಳ ಹತ್ತಿರ ಜಾಸ್ತಿ ಬರುವುದಂತೆ.

ಹೋದ ವರ್ಷ ಸರ್ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಇಬ್ಬರೂ ಹೋಗಿದ್ದೆವು. ಊಟ ಮುಗಿಸಿ, ಹೇಳಿಕೊಳ್ಳದೇ ಇಬ್ಬರ ಕಾಲೂ ಗೇಟಿನ ಕಡೆಗೇ ಹೋದವು. ಕಾಲಲ್ಲ, ಅವಳ ಕಾರು. ಗೇಟು ಈಗಿಲ್ಲ, ಹಳಿಯ ಕೆಳಗೆ ಅಂಡರ್‌ಪಾಸ್ ಆಗಿದೆ. ಮೇಲೆ ಕರೆಂಟಿನ ತಂತಿ. ಬೇಲಿಯ ಈಚೆ ನಿಂತೆವು. ಅರ್ಧ ಗಂಟೆ ಏನೂ ಬರಲಿಲ್ಲ. ಅವಳ ಫೋನು ಮಾತ್ರ ಮೂರು ಸಲ ಬಂತು, ಮೂರು ಸಲವೂ ಯಾವುದೋ ಮಗುವಿನ ಮಾತ್ರೆಯ ಡೋಸು. ನಾಲ್ಕನೇ ಸಲ ಬರುವ ಹೊತ್ತಿಗೆ ಗಾಡಿಯೇ ಬಂತು. ಫೋನನ್ನು ನನ್ನ ಕೈಗೆ ತುರುಕಿ ಕಣ್ಣು ಮುಚ್ಚಿಕೊಂಡಳು.

"ಮ ಅಲ್ಲ ಕಣೇ. ಪ ಇಂದ ಗ. ಶಂಕರಾಭರಣದ ಗ."

6ಕ್ಕೆ 5. ಹಾಗಾದರೆ ಶಬ್ದದ ವೇಗದ ಹನ್ನೊಂದನೇ ಒಂದು ಭಾಗ. ಪೆನ್ನು ಇರಲಿಲ್ಲ, ಅವಳ ಧೂಳು ಹಿಡಿದ ಕಾರಿನ ಬಾನೆಟ್ ಮೇಲೆ ಬೆರಳಲ್ಲಿ ಬರೆದೆ. ಗಂಟೆಗೆ 111 ಕಿಲೋಮೀಟರ್. "110 ಇರಬೇಕು, ನಿನ್ನ ಗ ಸ್ವಲ್ಪ ಇಳಿದಿದೆ" ಅಂದೆ. ಅವಳು ಒಪ್ಪಲಿಲ್ಲ. ಇನ್ನೊಂದು ರೈಲು ಬರಲಿ ಅಂತ ಅಲ್ಲೇ ನಿಂತಳು.